ಮೂರನೆಯ ಸಲ ಕೇಳುವವರು

೧

ಎಲ್ಲಿಂದ ಶುರು ಮಾಡಲಿ? ಲಾರಿಯಿಂದಲೋ, ಹುಲ್ಲಿನಿಂದಲೋ?

ಲಾರಿಯಿಂದ ಶುರು ಮಾಡಿದರೆ ಸದ್ದು, ಹಾಡು, ಬಿಳಿ ಟೋಪಿ ಹಾಕಿದ ಹುಡುಗ ಹುಡುಗಿಯರು ಎಲ್ಲ ಒಟ್ಟಿಗೆ ಬರುತ್ತಾರೆ, ಓದುಗರು ಮೊದಲ ಸಾಲಿಗೇ ಸಿಕ್ಕಿಬೀಳುತ್ತಾರೆ. ಆದರೆ ನಾನು ಹುಲ್ಲು ಬರೆಯುವವನು. ಕರು ಎದ್ದು ನಿಲ್ಲುವುದಕ್ಕೆ ಎರಡು ಪುಟ, ಮೋಡ ಸರಿಯುವುದಕ್ಕೆ ಒಂದು ಪುಟ ಖರ್ಚು ಮಾಡುವ ಆಸಾಮಿ. ಬರೆಯುವವನೇ ನಡುವೆ ಬಾಯಿ ಹಾಕುವ ಆಧುನಿಕೋತ್ತರ ಕಥೆ ನನ್ನ ಕೈಗೆ ಸಿಕ್ಕಿರುವುದು ಉಳುವ ಎತ್ತಿಗೆ ಕುಣಿಯಲು ಹೇಳಿದ ಹಾಗೆ. ಇರಲಿ. ಹುಲ್ಲಿನಿಂದಲೇ ಶುರು.

ಜೂನ್ ತಿಂಗಳ ಕೊನೆ. ಪಶ್ಚಿಮ ಜುಟ್‌ಲೆಂಡ್ ಎಂಬ ನಮ್ಮ ಸೀಮೆಯ ಬಯಲಿನಲ್ಲಿ ಎರಡನೆಯ ಕೊಯ್ಲು ನಡೆದಿತ್ತು. ಕಡಲ ಕಡೆಯ ಗಾಳಿ ಬೆಳಗಿನಿಂದ ಒಂದೇ ಸಮ ಬೀಸುತ್ತಿದ್ದುದರಿಂದ ಇಬ್ಬನಿ ಬೇಗ ಆರಿತ್ತು. ಕ್ರೆಸ್ಟನ್ ಟ್ರ್ಯಾಕ್ಟರಿನ ಮೇಲೆ ಕೂತು ಹುಲ್ಲು ಕೆಡವುತ್ತ ಹೋಗುತ್ತಿದ್ದ. ಅವನ ಹಿಂದೆ ಹುಲ್ಲು ಸಾಲು ಸಾಲಾಗಿ ಮಲಗುತ್ತಿತ್ತು. ನಾಳೆ ಯಂತ್ರದವರು ಬಂದು ಅದನ್ನು ಕೂಡಿಸಿ, ಒತ್ತಿ, ಕರಿ ಹಾಳೆ ಹೊದಿಸಿ ಚಳಿಗಾಲಕ್ಕೆ ರಸಮೇವು ಮಾಡುವವರಿದ್ದರು.

ನಾಳೆಯ ಕೆಲಸಕ್ಕೆ ಇವತ್ತು ಮಧ್ಯಾಹ್ನ ಶುರು ಮಾಡಿದ್ದರೂ ನಡೆಯುತ್ತಿತ್ತು. ಆದರೆ ಅವನು ಬೆಳಿಗ್ಗೆಯೇ ಹೊಲಕ್ಕೆ ಬಂದಿದ್ದ. ಕಾರಣ ಇಷ್ಟೇ: ಈ ಹೊಲದಿಂದ ಹೆದ್ದಾರಿ ಕಾಣುತ್ತದೆ.

(ನೋಡಿದಿರಾ, ಲಾರಿ ಬಾರದೆಯೂ ಲಾರಿ ಬಂತು.)

೨

ಲಾರಿಯ ವಿಷಯ ಹೇಳಿಬಿಡುತ್ತೇನೆ. ನಮ್ಮಲ್ಲಿ ಪೇಟೆಯ ದೊಡ್ಡ ಶಾಲೆ ಮುಗಿಸಿದ ಮಕ್ಕಳಿಗೆ ಬಿಳಿ ಟೋಪಿ. ಕೊನೆಯ ಪರೀಕ್ಷೆ ಮುಗಿಸಿ ಬಾಗಿಲಿನಿಂದ ಹೊರಗೆ ಬಂದಕೂಡಲೇ ಮನೆಯವರು ಅದನ್ನು ತಲೆಗಿಡುತ್ತಾರೆ. ಆಮೇಲೆ ಒಂದು ದಿನ ಇಡೀ ತರಗತಿ ತೆರೆದ ಲಾರಿ ಹತ್ತಿ, ಪಕ್ಕಕ್ಕೆ ಬಣ್ಣದಲ್ಲಿ ತರಲೆ ಬರೆದ ಹಾಸಿಗೆ ಬಟ್ಟೆ ಕಟ್ಟಿ, ಹಾರ್ನ್ ಹೊಡೆಸುತ್ತ ಒಬ್ಬೊಬ್ಬರ ಮನೆಗೂ ಹೋಗುತ್ತದೆ. ಪ್ರತಿ ಮನೆಯಲ್ಲೂ ಸ್ವಲ್ಪ ತಿನ್ನುವುದು, ಸ್ವಲ್ಪ ಕುಡಿಯುವುದು, ಅಂಗಳದಲ್ಲಿ ಕುಣಿಯುವುದು, ಮತ್ತೆ ಲಾರಿ ಹತ್ತುವುದು.

ಕ್ರೆಸ್ಟನ್‌ನ ಮನೆಗೆ ಹೋಗುವ ಮಣ್ಣುರಸ್ತೆ ಹೆದ್ದಾರಿಯಿಂದ ಒಂದು ಅಡ್ಡರಸ್ತೆಯಲ್ಲಿ ತಿರುಗುತ್ತದೆ. ಆ ರಸ್ತೆಗೆ ಹಾಲಿನ ಟ್ಯಾಂಕರು ಬಂದಿದೆ. ಹಿಂಡಿಯ ಲಾರಿ ಬಂದಿದೆ. ಕಸಾಯಿಖಾನೆಯ ಲಾರಿ ಬಂದಿದೆ. ಪಶುವೈದ್ಯರ ಕಾರಂತೂ ತನ್ನ ಮನೆಯ ದಾರಿಯೆಂಬಂತೆ ಬರುತ್ತದೆ. ಟೋಪಿಯವರ ಲಾರಿ ಮಾತ್ರ ಎಂದೂ ಬಂದಿಲ್ಲ. ಕ್ರೆಸ್ಟನ್ ಹುಡುಗನಾಗಿದ್ದಾಗ ತಂದೆಯ ಜೊತೆ ಇದೇ ಹೊಲದಲ್ಲಿ ನಿಂತು ಅದು ಡಾಕ್ಟರ ಮನೆಗೋ ಪಾದ್ರಿಗಳ ಮನೆಗೋ ಹೋಗುವುದನ್ನು ನೋಡುತ್ತಿದ್ದ. "ನಮ್ಮನೇಗ್ಯಾಕಪ್ಪಾ ಬರಲ್ಲ?" ಎಂದು ಒಮ್ಮೆ ಕೇಳಿದ್ದಕ್ಕೆ ತಂದೆ, "ಅಲ್ಲಿ ಕೂತಿರೋರಲ್ಲಿ ನಮ್ಮೋರು ಯಾರಿದಾರೆ?" ಎಂದು ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದ್ದ.

ಈ ವರ್ಷ ಅಲ್ಲಿ ಕೂತವರಲ್ಲಿ ಒಬ್ಬಳು ಟಿಲ್ಡೆ. ಕ್ರೆಸ್ಟನ್‌ನ ಮಗಳು.

೩

ಹಾಗಿದ್ದರೆ ಕಥೆ ಮುಗಿಯಿತಲ್ಲ, ಲಾರಿ ಬರುತ್ತದೆ, ಎಂದಿರಾ? ನಿಲ್ಲಿ. ನಮ್ಮ ಸೀಮೆಯ ಒಂದು ಪದ್ಧತಿ ಅಡ್ಡ ಬಂತು.

ಇಲ್ಲಿ ಯಾರಾದರೂ ಕಾಫಿ ಕುಡಿಯುತ್ತೀರಾ ಎಂದರೆ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದರೂ ಬೇಡ, ನಿಮಗ್ಯಾಕೆ ತೊಂದರೆ ಎನ್ನಬೇಕು. ಮೂರನೆಯ ಸಲ ಕೇಳಿದಾಗ, ಅಷ್ಟು ಹೇಳ್ತೀರಿ ಅಂದಮೇಲೆ ಅರ್ಧ ಲೋಟ ಕೊಡಿ ಎಂದು ಎರಡು ಲೋಟ ಕುಡಿಯಬೇಕು. ಮೊದಲ ಸಲಕ್ಕೇ ಹೂಂ ಎನ್ನುವವನು ಹಸಿದು ಬಂದವನು. ಎರಡೇ ಸಲ ಕೇಳಿ ಬಿಡುವವನು ಜುಗ್ಗ. ಹೀಗೆ ಇಲ್ಲಿ ಜಮೀನು ಮಾರಾಟವಾಗಿದೆ, ಮದುವೆಗಳಾಗಿವೆ.

ಮೇ ತಿಂಗಳಲ್ಲಿ ತರಗತಿಯ ಪರವಾಗಿ ಲಾರಿಯ ದಾರಿ ಗೊತ್ತು ಮಾಡುತ್ತಿದ್ದ ಲೌರಿಟ್ಸ್ ಎಂಬ ಹುಡುಗ ಫೋನ್ ಮಾಡಿದ. ಪೇಟೆಯವನು, ಹಲ್ಲಿನ ಡಾಕ್ಟರ ಮಗ, ಒಳ್ಳೆಯ ಹುಡುಗ.

"ಕ್ರೆಸ್ಟನ್ ಅವರಾ? ನಿಮ್ಮನೇಗೂ ಬರ್ಬೋದಾ ಅಂತ ಕೇಳೋಣ ಅಂತ ಮಾಡ್ದೆ."

ಕ್ರೆಸ್ಟನ್ ಕುರ್ಚಿಯಿಂದ ಎದ್ದೇಬಿಟ್ಟ. ಬಾಯಿ ಮಾತ್ರ ತನ್ನಷ್ಟಕ್ಕೆ ತಾನು ಮರ್ಯಾದೆ ನಡೆಸಿತು. "ಅಯ್ಯೋ, ನಮ್ದು ತೀರಾ ದೂರ ಕಣಪ್ಪ. ಇಷ್ಟು ದೂರ ಬಂದು ಏನ್ ನೋಡ್ತೀರಾ, ದನ ಅಷ್ಟೇ."

ವಾರ ಕಳೆದು ಹುಡುಗ ಸಂದೇಶ ಕಳಿಸಿದ: ಒಂದು ಮನೆಗೆ ಜಾಗ ಇದೆ, ನಿಜವಾಗಲೂ ಬೇಡವೇ? ಕ್ರೆಸ್ಟನ್ ಕನ್ನಡಕ ಹಾಕಿಕೊಂಡು, ಒಂದೇ ಬೆರಳಿನಲ್ಲಿ, ಎರಡನೆಯ ಉತ್ತರವನ್ನು ಸಾವಧಾನವಾಗಿ ಒತ್ತಿದ: ಬೇಡಪ್ಪ, ನಮ್ಮಿಂದ ನಿಮಗೆ ಸುಮ್ಮನೆ ತೊಂದರೆ. ಕಳಿಸಿ, ಮೂರನೆಯದಕ್ಕೆ ಕಾದು ಕೂತ.

ಬಂದದ್ದು ಒಂದು ಹೆಬ್ಬೆರಳಿನ ಚಿತ್ರ.

"ಇದೇನಕ್ಕಾ ಇದು?" ಎಂದು ಅಕ್ಕ ಗುದ್ರುನ್‌ಗೆ ತೋರಿಸಿದ. ಅವಳು ಪಕ್ಕದ ಊರಿನವಳು, ಗಂಡ ಇಲ್ಲದವಳು, ಬಾಯಿ ಇರುವವಳು.

"ಹೆಬ್ಬೆಟ್ಟು."

"ಹೆಬ್ಬೆಟ್ಟು ಅಂತ ನಂಗೂ ಕಾಣುತ್ತೆ. ಕೇಳ್ತಿದಾನೋ, ಹೇಳ್ತಿದಾನೋ?"

"ನಿನ್ ಕತ್ತಿಗೆ ನೀನೇ ಕುಣಿಕೆ ಹಾಕ್ಕೊಂಡಿದೀಯಲ್ಲೋ ಕ್ರೆಸ್ಟಾ. ಇವತ್ತಿನ ಮಕ್ಕಳು ಬೇಡ ಅಂದ್ರೆ ಬೇಡ ಅಂತಾನೇ ತಿಳ್ಕೊಳೋದು. ಫೋನ್ ಮಾಡಿ ಬನ್ನಿ ಅನ್ನು."

"ನಾನಾಗೇ? ಕರೀದೇ ಇದ್ದೋರ ಮುಂದೆ ತಟ್ಟೆ ಹಿಡ್ಕೊಂಡು ನಿಂತ ಹಾಗೆ? ಕೇಳ್ತಾರೆ ಬಿಡು. ಇನ್ನೊಂದ್ಸಲ ಕೇಳೇ ಕೇಳ್ತಾರೆ."

(ಇಲ್ಲಿ ನಾನು ಕ್ರೆಸ್ಟನ್‌ನೊಂದಿಗೆ ಜಗಳವಾಡಿದೆ. ಫೋನ್ ಮಾಡಯ್ಯಾ, ಒಂದು ಸಾಲಿನ ಕೆಲಸ, ಕಥೆ ಸುಗಮವಾಗುತ್ತದೆ ಎಂದೆ. "ನಿಂಗೆ ಸುಗಮ ಆಗ್ಲಿ ಅಂತ ನಾನ್ ಮರ್ಯಾದೆ ಬಿಡ್ಲಾ?" ಎಂದ. ನಾನೂ ಈ ಸೀಮೆಯವನೇ. ಫೋನ್ ಮಾಡುವ ಸಾಲನ್ನು ಹೊಡೆದುಹಾಕಿದೆ.)

೪

ಈ ಭಾಗವನ್ನು ಮೂರು ಸಲ ಬರೆದು ಹರಿದಿದ್ದೇನೆ. ಟಿಲ್ಡೆಯ ಚಳಿಗಾಲ ಇದು. ಮೊದಲ ಸಲ ಮನಶ್ಶಾಸ್ತ್ರದ ಪಾಠವಾಯಿತು, ಎರಡನೆಯ ಸಲ ಗೋಳಾಯಿತು, ಮೂರನೆಯ ಸಲ ಬರೀ ಹಿಮ ಬಿತ್ತು. ಈಗ ನಡೆದಷ್ಟನ್ನೇ ಹೇಳುತ್ತೇನೆ.

ದೊಡ್ಡ ಶಾಲೆಯ ಎರಡನೆಯ ವರ್ಷ, ಬೆಳಕೇ ಇಲ್ಲದ ಡಿಸೆಂಬರಿನಲ್ಲಿ, ಟಿಲ್ಡೆ ಬಸ್ಸಿನಲ್ಲಿ ಶಾಲೆಯ ನಿಲ್ದಾಣದವರೆಗೆ ಹೋದಳು, ಇಳಿಯಲಿಲ್ಲ. ಕೊನೆಯ ನಿಲ್ದಾಣದವರೆಗೆ ಹೋಗಿ, ಅದೇ ಬಸ್ಸಿನಲ್ಲಿ ಮನೆಗೆ ಬಂದಳು. ಮರುದಿನವೂ ಹಾಗೆಯೇ. ಆಮೇಲೆ ಬಸ್ಸನ್ನೇ ಹತ್ತಲಿಲ್ಲ. ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ಅಂಕಗಳು ಇಳಿದಿದ್ದವು, ಮೊದಲೋ ಆಮೇಲೋ ಅವಳಿಗೇ ಗೊತ್ತಿಲ್ಲ. "ಒಳಗೆ ಹೋದ್ರೆ ಎಲ್ಲರೂ ನನ್ನ ಬಿಟ್ಟು ಆಗ್ಲೇ ಏನೋ ಶುರು ಮಾಡ್ಕೊಂಡಿರ್ತಾರೆ ಅನ್ಸೋದು," ಎಂದು ಎಷ್ಟೋ ತಿಂಗಳ ಮೇಲೆ ಹೇಳಿದಳು.

ಶಾಲೆಯಿಂದ ಫೋನ್ ಬಂತು. ತರಗತಿಯ ಟೀಚರು ಬಿರ್ಗಿತ್ತೆ ತಾವೇ ಕಾರು ಹೊಡೆದುಕೊಂಡು ಬಂದರು, ದನದ ಕೊಟ್ಟಿಗೆಯಲ್ಲಿ ಬೂಟಿಗೆ ಸಗಣಿ ಮೆತ್ತಿಸಿಕೊಂಡು ಟಿಲ್ಡೆಯ ಪಕ್ಕ ಹುಲ್ಲಿನ ಮೇಲೆ ಕೂತರು. ಟಿಲ್ಡೆಯ ತಾಯಿ ದೂರದ ಓಡೆನ್ಸೆ ಪೇಟೆಯಿಂದ ದಿನವೂ ಫೋನ್ ಮಾಡಿದಳು. ಅಲ್ಲಿ ಅವಳಿಗೆ ಬೇರೆ ಸಂಸಾರವಿದೆ, ಈ ಕಥೆಗೆ ಅವಳು ಇಷ್ಟೇ. ಕ್ರೆಸ್ಟನ್ ಏನೂ ಕೇಳಲಿಲ್ಲ. ಕರುಗಳಿಗೆ ಹಾಲು ಕುಡಿಸುವ ಬಕೆಟ್ಟನ್ನು ಬೆಳಿಗ್ಗೆ ಅವಳ ಕೋಣೆಯ ಬಾಗಿಲಲ್ಲಿ ಇಟ್ಟು ಹೋಗುತ್ತಿದ್ದ. ಮೊದಲ ಕೆಲವು ದಿನ ಬಕೆಟ್ಟು ಅಲ್ಲೇ ಇತ್ತು. ಒಂದು ದಿನ ಇರಲಿಲ್ಲ.

ಆಗಸ್ಟ್‌ನಲ್ಲಿ ಅವಳು ಮತ್ತೆ ಶಾಲೆಗೆ ಹೋದಳು, ಒಂದು ವರ್ಷ ಚಿಕ್ಕವರ ಜೊತೆ, ಲೌರಿಟ್ಸ್ ಇದ್ದ ತರಗತಿಗೆ. ಮೊದಲ ದಿನ ಬಿರ್ಗಿತ್ತೆ ಟೀಚರು ಬಸ್ ನಿಲ್ದಾಣದಲ್ಲೇ ನಿಂತಿದ್ದರು, ತಾವೂ ಈಗಷ್ಟೇ ಬಂದವರ ಹಾಗೆ.

ಅದಾಗಿ ಎರಡು ವರ್ಷಕ್ಕೆ, ಈ ಜೂನ್‌ನಲ್ಲಿ, ಕೊನೆಯ ಪರೀಕ್ಷೆ, ಜೀವಶಾಸ್ತ್ರ. ಹತ್ತು ಬಂತು. ನಮ್ಮಲ್ಲಿ ಹನ್ನೆರಡು ಎಲ್ಲಕ್ಕಿಂತ ಮೇಲಿನದು, ಅದರ ಕೆಳಗೆ ಹತ್ತು. ಟೋಪಿ ಇಡಲು ಬಂದಿದ್ದ ಕ್ರೆಸ್ಟನ್, ದನದ ವಾಸನೆ ಹೋಗಲೆಂದು ಕೈ ಉಜ್ಜಿ ಉಜ್ಜಿ ಕೆಂಪು ಮಾಡಿಕೊಂಡಿದ್ದ. ಎಲ್ಲರ ಎದುರು ಮಗಳ ತಲೆಗೆ ಟೋಪಿಯಿಟ್ಟು, "ಕೆಟ್ಟದ್ದೇನಲ್ಲ," ಎಂದ. ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮ ಭಾಷೆಯಲ್ಲಿಲ್ಲ.

೫

ಈಗ ಓದುಗರಾದ ನೀವು ನನ್ನ ಕತ್ತಿನ ಪಟ್ಟಿ ಹಿಡಿಯುತ್ತೀರಿ: ಟಿಲ್ಡೆಗೆ ತನ್ನ ಅಪ್ಪ ಗೊತ್ತಿಲ್ಲವೇ? ಎರಡು ಬೇಡ ಎಂದರೆ ಏನು ಅಂತ ಅವಳಿಗೆ ಗೊತ್ತಿಲ್ಲವೇ?

ಕೇಳಿದೆ. ಕಥೆ ಬರೆಯುವವನಿಗೆ ಇಷ್ಟು ಸಲಿಗೆ ಇರುತ್ತದೆ.

"ಗೊತ್ತಿತ್ತು," ಎಂದಳು ಟಿಲ್ಡೆ. "ನಿಮ್ಮಪ್ಪ ಬೇಡ ಅಂದ್ರು ಅಂತ ಲೌರಿಟ್ಸ್ ಹೇಳ್ದಾಗ, ಎಷ್ಟ್ ಸಲ ಅಂತ ಕೇಳ್ದೆ. ಎರಡ್ಸಲ ಅಂದ."

"ಮತ್ತೆ? ಮೂರನೇದು ನೀನೇ ಕೇಳ್ಬೋದಿತ್ತಲ್ಲ!"

"ಕೇಳಿ, ಅದಕ್ಕೂ ಬೇಡ ಅಂದ್ರೆ?"

"ಅನ್ನಲ್ಲ."

"ನೀವ್ ಬರೆಯೋರು, ನಿಮಗೇನ್ರೀ. ಬೇಡ ಅಂದ್ರೆ ಹೊಡೆದ್ ಹಾಕಿ ಬೇಕು ಅಂತ ಬರೀತೀರ. ನಾನು ಆ ಚಳಿಗಾಲ ಅಪ್ಪಂಗೆ ಸಾಕಷ್ಟು ಕೊಟ್ಟಿದೀನಿ. ಈಗ ಕೊಯ್ಲು ಬೇರೆ. ಅಂಗಳದ ತುಂಬ ಕುಡಿದ ಹುಡುಗ್ರು ಯಾರಿಗೆ ಬೇಕು? ಎರಡು ಬೇಡದಲ್ಲಿ ಒಂದು ಆಸೆ ಇಟ್ಕೊಂಡಿರ್ಬೋದು. ಮೂರನೇದಾದ್ಮೇಲೆ ನಾಲ್ಕನೇದಿಲ್ಲ."

ನಾನು ಪೆನ್ನು ಕೆಳಗಿಟ್ಟೆ. ಇವಳು ಹೇಳುವುದರಲ್ಲಿ ತಪ್ಪೇನು? ಅಪ್ಪ ಯಾರಾದರೂ ಕೇಳಲಿ ಎಂದು ಕಾಯುತ್ತಿದ್ದಾನೆ. ಮಗಳು ಕೇಳಲು ಹೆದರುತ್ತಿದ್ದಾಳೆ. ಇಬ್ಬರೂ ಒಂದೇ ಮೇಜಿನಲ್ಲಿ ರೈ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಮಳೆ ಬರುತ್ತಾ, ಬರಲ್ಲವಾ ಎಂದು ಮಾತಾಡಿಕೊಂಡು ಜೂನ್ ತಿಂಗಳನ್ನು ಕಳೆದರು. ಲಾರಿಯ ಹಿಂದಿನ ದಿನ ಅವಳು ಗೆಳತಿಯ ಮನೆಗೆಂದು ಪೇಟೆಗೆ ಹೊರಟಳು. ಟೋಪಿಯ ಡಬ್ಬ ಕಂಕುಳಲ್ಲಿತ್ತು. ಬಾಗಿಲಲ್ಲಿ ಬಗ್ಗಿ ಬೂಟಿನ ದಾರವನ್ನು ಎರಡನೆಯ ಸಲ ಕಟ್ಟಿದಳು.

"ಬರ್ತೀನಪ್ಪ."

"ಹೂಂ. ಗಾಳಿ ಇದೆ, ಟೋಪಿ ಹುಷಾರು."

೬

ಇಷ್ಟಾದ ಮೇಲೂ ಆ ಬೆಳಿಗ್ಗೆ ಕ್ರೆಸ್ಟನ್‌ನ ಯಂತ್ರದ ಷೆಡ್ಡಿನಲ್ಲಿ ಊರಿನ ಸಭಾಮನೆಯ ಕುರ್ಚಿಗಳೆಲ್ಲ ಬಂದು ಕೂತಿದ್ದವು. ಹಲಗೆಯ ಮೇಜು, ಅದರ ಮೇಲೆ ಬಿಳಿ ಕಾಗದ, ಕಾಗದ ಹಾರದಂತೆ ಅಲ್ಲಲ್ಲಿ ಬೋಲ್ಟು ನಟ್ಟು. ಗೇಟಿಗೆ ಬರ್ಚ್ ಮರದ ಹಸಿ ಕೊಂಬೆ. ಕೇಳಿದವರಿಗೆ ಅವನು, "ಏನೋ, ಬಂದ್ರೆ ಇರ್ಲಿ ಅಂತ," ಎಂದಿದ್ದ. ನೆರೆಹೊರೆಯವರು ಮತ್ತೇನೂ ಕೇಳದೆ ಸ್ಟ್ರಾಬೆರಿ ತಂದಿಟ್ಟರು, ಬಿಯರ್ ತಂದಿಟ್ಟರು, ಹಾಗೇ ಸುಮ್ಮನೆ ಬೇಲಿಯ ಆಚೆ ಏನೋ ಕೆಲಸ ಹುಡುಕಿಕೊಂಡು ನಿಂತರು.

ಗುದ್ರುನ್ ಪದರ ಪದರದ ಕೆನೆಯ ಕೇಕುಗಳನ್ನು ಹಾಲಿನ ಕೋಣೆಯ ತಂಪಿನಲ್ಲಿ ಸಾಲಾಗಿ ಇಟ್ಟಿದ್ದಳು.

"ಕೇಳಿದ್ರೇನೋ?" ಎಂದಳು.

"ಇನ್ನೂ ಇಲ್ಲ."

"ಇನ್ನೂ ಇಲ್ವಂತೆ! ಅವರು ಆಗ್ಲೇ ಲಾರಿ ಮೇಲೆ ಕುಣೀತಾ ಇರ್ತಾರೆ. ನೋಡು, ಅವರು ಬಂದ್ರೂ ಕತ್ತರಿಸ್ತೀನಿ, ಬರ್ದಿದ್ರೂ ಕತ್ತರಿಸ್ತೀನಿ. ನಿನ್ ಮರ್ಯಾದೆ ಕಾಯುತ್ತೆ, ನನ್ ಕೆನೆ ಕಾಯಲ್ಲ."

ಕ್ರೆಸ್ಟನ್ ಅಟ್ಟದಿಂದ ಕೆಂಪು ಬಿಳಿ ಬಾವುಟ ಇಳಿಸಿದ. ಇಲ್ಲಿ ಪ್ರತಿ ಮನೆಗೂ ಬಾವುಟದ ಕಂಬವಿದೆ; ಹುಟ್ಟುಹಬ್ಬ, ಮದುವೆ, ಮಗ ಮನೆಗೆ ಬಂದ ದಿನ, ಎಲ್ಲಕ್ಕೂ ಏರುತ್ತದೆ. ಟಿಲ್ಡೆಯ ತಾಯಿ ಹೋದ ಮೇಲೆ ಈ ಕಂಬ ಬರೀ ಕಂಬವಾಗಿತ್ತು. ಹಗ್ಗ ಬಿಗಿದುಕೊಂಡಿತ್ತು. ಎಣ್ಣೆ ಹಚ್ಚಿ ಎಳೆದ. ಬಾವುಟ ತಡವರಿಸುತ್ತ ಏರಿ, ತುದಿಯಲ್ಲಿ ಗಾಳಿ ಸಿಕ್ಕಿದೊಡನೆ ಚಟ್ಟೆಂದು ಬಿಚ್ಚಿಕೊಂಡಿತು.

ಹಗ್ಗವನ್ನು ಕಂಬಕ್ಕೆ ಕಟ್ಟಿ, ಹುಲ್ಲು ಕೊಯ್ಯಲು ಹೋದ. ನಾವು ಅವನನ್ನು ಮೊದಲು ನೋಡಿದ್ದು ಅಲ್ಲಿ.

೭

ಲಾರಿ ಬಂತು. ಹಾರ್ನು ಮೊದಲು, ಹಾಡು ಆಮೇಲೆ, ಕೆಂಪು ಲಾರಿ ಕೊನೆಗೆ. ಬೀಚ್ ಮರದ ಹಸಿರೆಲೆಗಳನ್ನು ಸುತ್ತಲೂ ಕಟ್ಟಿದ್ದರು. ಬಿಳಿ ಟೋಪಿಗಳು ಹೊಲದ ಅಂಚಿನಲ್ಲಿ ಕೂತ ಕಡಲಹಕ್ಕಿಗಳ ಹಾಗೆ ಕಾಣುತ್ತಿದ್ದವು. ಪಾದ್ರಿಗಳ ಮನೆ ಮುಗಿಸಿ ಮುಂದಿನ ಊರಿಗೆ ಹೊರಟಿತ್ತು. ಅಡ್ಡರಸ್ತೆ ಹತ್ತಿರವಾಗುತ್ತಿತ್ತು.

ಒಂದು ಕರಡು: ಲಾರಿ ತಿರುಗಿತು. ಮಕ್ಕಳು ಹೋ ಎಂದು ಇಳಿದರು, ಕೇಕು ತಿಂದರು, ಲೌರಿಟ್ಸ್ ಕರುವಿಗೆ ಮುತ್ತು ಕೊಟ್ಟ, ಕ್ರೆಸ್ಟನ್ ಭಾಷಣ ಮಾಡಿದ.

"ಭಾಷಣಾನಾ? ನಾನಾ?" ಎಂದು ಕ್ರೆಸ್ಟನ್ ಟ್ರ್ಯಾಕ್ಟರಿನ ಮೇಲಿಂದಲೇ ಉಗಿದ. ಹರಿದೆ.

ಇನ್ನೊಂದು ಕರಡು: ಲಾರಿ ತಿರುಗಲಿಲ್ಲ. ಹಾಡು ದೂರವಾಯಿತು. ಕ್ರೆಸ್ಟನ್ ಉಳಿದ ಹುಲ್ಲನ್ನು ಕೊಯ್ದು ಮುಗಿಸಿ, ಸಂಜೆಯ ಹಾಲು ಕರೆದು, ಬಾವುಟ ಇಳಿಸಿ ಮಡಿಸಿದ. ಚೆನ್ನಾಗಿತ್ತು ಅದು, ನನ್ನ ಹಳೆಯ ಅಭ್ಯಾಸದ ಕೊನೆ. ಮಡಿಸುವುದಕ್ಕೇ ಒಂದು ಪುಟ ಬರೆದಿದ್ದೆ. ಗುದ್ರುನ್ ಓದಿದಳು. "ಅಂದ್ರೆ ನನ್ ಕೇಕು ದನ ತಿನ್ನುತ್ತಾ? ನಿಂಗೆ ಕಣ್ಣೀರು ಬೇಕಾದ್ರೆ ಈರುಳ್ಳಿ ಹೆಚ್ಚು, ನನ್ ತಮ್ಮನ್ನ ಹೆಚ್ಬೇಡ." ಅದನ್ನೂ ಹರಿದೆ.

ಆಗ ನನ್ನನ್ನು ಕೇಳದೆಯೇ ನಡೆದದ್ದು ಇದು.

ಲಾರಿಯ ಮೇಲೆ ಟಿಲ್ಡೆ ಎಡಗಡೆಯ ಕಂಬಿ ಹಿಡಿದು ನಿಂತಿದ್ದಳು. ಮನೆಯ ದಿಕ್ಕನ್ನು ನೋಡಬಾರದೆಂದು ಬಲಗಡೆ ನಿಂತವಳು, ಯಾವಾಗಲೋ ಎಡಕ್ಕೆ ಬಂದಿದ್ದಳು. ಬಯಲಿನ ಆ ತುದಿಯಲ್ಲಿ, ಮರಗಳ ಮೇಲೆ, ಕೆಂಪು ಬಿಳಿ ಬಟ್ಟೆಯೊಂದು ಬಡಿದಾಡುತ್ತಿತ್ತು. ಮೊದಲು ನಂಬಲಿಲ್ಲ. ಪಕ್ಕದವರ ಮನೆಯದೇನೋ ಎಂದುಕೊಂಡಳು. ಆಮೇಲೆ ಮುಷ್ಟಿಯಿಂದ ಚಾಲಕನ ತಲೆಯ ಮೇಲಿನ ತಗಡನ್ನು ಬಡಿಯತೊಡಗಿದಳು.

ಲಾರಿ ಅಡ್ಡರಸ್ತೆಯ ಬಾಯಲ್ಲಿ ನಿಂತಿತು. ಎಡ ಬಲದ ತಿರುವು ದೀಪಗಳು ನಾಲ್ಕೂ ಒಟ್ಟಿಗೆ ಮಿನುಗಿದವು.

"ಏನಾಯ್ತೇ?" ಎಂದ ಲೌರಿಟ್ಸ್.

"ಬಾವುಟ ಹಾಕಿದಾರೆ."

"ಯಾರು?"

"ನಮ್ಮಪ್ಪ."

"ಬೇಡ ಅಂದಿದ್ರಲ್ಲೇ! ಎರಡ್ಸಲ ಕೇಳ್ದೆ ನಾನು!"

"ನಿಂದೇನೂ ತಪ್ಪಿಲ್ಲ ಬಿಡೋ. ಎರಡೇ ಸಲ ಕೇಳಿದ್ದು, ಅಷ್ಟೇ." ಅವಳ ಕೈಯಲ್ಲಿ ಆಗಲೇ ಫೋನ್ ಇತ್ತು. "ಹಾಡು ನಿಲ್ಸಿ. ಎಲ್ಲರೂ ಒಂದ್ನಿಮಿಷ ಸುಮ್ನಿರಿ."

ಮುಂದಿನ ಮನೆಯವರು ಕಾಯುತ್ತಿದ್ದಾರೆಂದು ಯಾರೋ ಗೊಣಗಿದರು. ಇನ್ನು ಯಾರೋ ಅವರ ಟೋಪಿಯನ್ನು ಕಣ್ಣಿನ ಮೇಲಕ್ಕೆ ಎಳೆದು ಬಾಯಿ ಮುಚ್ಚಿಸಿದರು. ಹಾಡು ನಿಂತಿತು. ನಿಂತಾಗ ಅಷ್ಟು ದೊಡ್ಡ ಬಯಲಿನಲ್ಲಿ ಬಾನಾಡಿಯ ದನಿ ಮತ್ತು ಒಂದು ಟ್ರ್ಯಾಕ್ಟರು, ಎರಡೇ ಉಳಿದವು.

ಕ್ರೆಸ್ಟನ್‌ನ ಎದೆಯ ಜೇಬಿನಲ್ಲಿ ಫೋನ್ ನಡುಗಿತು. ಹೊಲದಲ್ಲಿರುವಾಗ ಅವನು ಫೋನಿಗಾಗಿ ಎಂಜಿನ್ ಆರಿಸಿದವನಲ್ಲ, ಕಿರುಚಿಯೇ ಮಾತಾಡುವವನು. ಈಗ ಆರಿಸಿದ. ಬಾನಾಡಿ ಒಂದೇ ಉಳಿಯಿತು.

"ಹ್ಞಾಂ."

"ಅಪ್ಪ."

"ಹ್ಞಾಂ."

ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಇವನಿಗೆ ಅವಳು ಬೆರಳ ತುದಿಯಷ್ಟು ಬಿಳಿ. ಅವಳಿಗೆ ಇವನು ಹಸಿರು ಯಂತ್ರದ ಮೇಲೊಂದು ನೀಲಿ ಅಂಗಿ.

"ಗಾಳಿ ಚೆನ್ನಾಗಿದೆ, ಅಲ್ವಾ?" ಎಂದಳು.

"ಕೆಟ್ಟದ್ದೇನಲ್ಲ."

"ಹುಲ್ಲು ಒಣಗುತ್ತೆ."

"ಒಣಗುತ್ತೆ."

(ಟಿಲ್ಡೆ, ಕೇಳಮ್ಮಾ! ಎಂದು ನಾನು ಇಲ್ಲಿಂದ ಕೂಗುತ್ತಿದ್ದೇನೆ. ಪುಟದ ಆಚೆಗೆ ಕೇಳಿಸುವುದಿಲ್ಲ.)

ಅವಳು ಉಸಿರು ಎಳೆದುಕೊಂಡದ್ದು ಫೋನಿನಲ್ಲಿ ಕೇಳಿಸಿತು. ಶಾಲೆಯ ನಿಲ್ದಾಣದಲ್ಲಿ ಬಸ್ಸಿನ ಬಾಗಿಲು ತೆರೆದು ನಿಂತಾಗ ಒಳಗೇ ಕೂತು ಎಳೆದುಕೊಂಡಿದ್ದ ಉಸಿರು ಅದೇ. ಈ ಸಲ ಇಳಿದಳು.

"ಅಪ್ಪ, ನಾವು ಬರ್ಬೋದಾ?"

೮

ಇಲ್ಲಿ ಕೊನೆ ಬರೆಯಬೇಕು. ಬರೆಯಲು ಕೂತಿದ್ದೇನೆ. ಕ್ರೆಸ್ಟನ್ ಬಾಯಿ ತೆರೆದಿದ್ದಾನೆ. ಜೀವಮಾನವೆಲ್ಲ ಮೊದಲು ಬೇಡ ಎಂದೇ ಪಳಗಿದ ಬಾಯಿ ಅದು, ನನಗೂ ಭಯವಿದೆ. ಹುಡುಗ ಫೋನಿನಲ್ಲಿ ಕೇಳಿದ್ದು, ಸಂದೇಶದಲ್ಲಿ ಕೇಳಿದ್ದು, ಇದು, ಎಲ್ಲ ಸೇರಿ ಮೂರಾಯಿತೆಂದು ಅವನು ಲೆಕ್ಕ ಹಿಡಿಯುತ್ತಾನೋ, ಕೇಳಿದವಳು ಬೇರೆ, ಆದ್ದರಿಂದ ಇದು ಮೊದಲನೆಯದು ಎನ್ನುತ್ತಾನೋ? ಮರ್ಯಾದೆಯ ಕಾನೂನಿನಲ್ಲಿ ಇದಕ್ಕೆ ಉತ್ತರವಿಲ್ಲ. ಅವನ ಪರವಾಗಿ ನಾನೇ ಒಂದು ಮಾತು ಹಾಕಿಬಿಡೋಣವೆಂದು ಪೆನ್ನು ಎತ್ತಿದೆ.

"ನೀನ್ ಬಾಯಿ ಮುಚ್ಕೊಂಡಿರು," ಎಂದ ಕ್ರೆಸ್ಟನ್, ಫೋನಿನ ಮೇಲೆ ಅಂಗೈ ಮುಚ್ಚಿ. "ಇದೊಂದು ಮಾತು ನಂದು."

ಮುಚ್ಚಿಕೊಂಡಿದ್ದೇನೆ. ಕೇಳುವವರ ಸಾಲ ಇವತ್ತಿಗೆ ತೀರಿತು. ಹೇಳುವವನದು ಬಾಕಿ ಇದೆ, ಅದನ್ನು ವಸೂಲಿ ಮಾಡುವ ಹಕ್ಕು ನನಗಿಲ್ಲ, ನಿಮಗೂ ಇಲ್ಲ, ಅಡ್ಡರಸ್ತೆಯಲ್ಲಿ ನಿಂತ ಹುಡುಗಿಯೊಬ್ಬಳಿಗೆ ಇದೆ. ಅವನು ಅಂಗೈ ತೆಗೆದ. ಬೇಲಿಯ ಆಚೆ ಏನೋ ಕೆಲಸ ಹುಡುಕಿಕೊಂಡು ನಿಂತವರೆಲ್ಲ ಕೈಯಲ್ಲಿದ್ದ ಕೆಲಸ ನಿಲ್ಲಿಸಿದರು. ಲಾರಿಯ ನಾಲ್ಕೂ ದೀಪ ಇನ್ನೂ ಮಿನುಗುತ್ತಿವೆ, ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ.

ಹಾಲಿನ ಕೋಣೆಯಲ್ಲಿ ಗುದ್ರುನ್ ಯಾರ ಮಾತಿಗೂ ಕಾಯದೆ ಮೊದಲ ಕೇಕಿಗೆ ಚಾಕು ಇಳಿಸಿದಳು.